ಬೆಂಕಿಪುರದಿಂದ ಭದ್ರಾವತಿಗೆ

ಶಿವಮೊಗ್ಗ ಜಿಲ್ಲೆಗೆ ಬರುವ ಶಾಲಾ ಪ್ರವಾಸದ ಬಸ್ಸುಗಳಿಗೆ ಒಂದು ಗೊತ್ತಾದ ದಾರಿಯಿದೆ. ಜೋಗ, ಕೆಳದಿ, ಇಕ್ಕೇರಿ, ಸಕ್ರೆಬೈಲು, ಸಮಯವಿದ್ದರೆ ಆಗುಂಬೆ. ಭದ್ರಾವತಿಯಲ್ಲಿ ಬಸ್ಸು ನಿಂತರೆ ಅದು ಚಹಾ ಕುಡಿಯುವುದಕ್ಕೆ. ಕಾರ್ಖಾನೆಯ ಊರಿನಲ್ಲಿ ನೋಡುವುದೇನಿದೆ ಎಂಬುದು ಮೇಷ್ಟರ ಭಾವನೆ; ಮಕ್ಕಳದೂ ಅದೇ. ಆದರೆ ಇಪ್ಪತ್ತನೆಯ ಶತಮಾನದ ಕರ್ನಾಟಕವನ್ನು ಅರಿಯಬೇಕೆನ್ನುವ ವಿದ್ಯಾರ್ಥಿಗೆ ಇಂಥ ಪಾಠಶಾಲೆ ಮತ್ತೊಂದು ಸಿಗುವುದು ಕಷ್ಟ. ಕಾಡಿನ ನಡುವೆ ಕಬ್ಬಿಣದ ಕಾರ್ಖಾನೆ ಹೇಗೆ ಹುಟ್ಟಿತು, ಅದರ ಸುತ್ತ ಊರು ಹೇಗೆ ಬೆಳೆಯಿತು, ಕುಲುಮೆ ಆರಿದ ಮೇಲೆ ಆ ಊರೂ ಅದರ ನೆರೆಯ ಊರೂ ಏನಾದವು ಎಂಬುದನ್ನು ಇಲ್ಲಿ ಒಂದೆರಡು ದಿನ ಸುತ್ತಾಡಿಯೇ ತಿಳಿಯಬಹುದು. ಪರದೆಯ ಮೇಲೆ ಕೆಲವೇ ನಿಮಿಷ ಕಾಣುವ ಚಿತ್ರಗಳಿಗೆ ಈ ಬರಹವು ಪೂರಕವಾಗಿದೆ. ನೀವೇ ಹೋಗಿ ನೋಡುವುದಾದರೆ ಕೈಪಿಡಿಯೂ ಆದೀತು.

ಮೊದಲು ನಕ್ಷೆಯನ್ನು ಬಿಡಿಸಿಕೊಳ್ಳಿ. ಶಿವಮೊಗ್ಗ ತುಂಗಾ ನದಿಯ ದಂಡೆಯ ಮೇಲಿದೆ, ಭದ್ರಾವತಿ ಭದ್ರಾ ನದಿಯ ದಂಡೆಯ ಮೇಲಿದೆ. ಎರಡೂ ಊರುಗಳ ನಡುವಿನ ಅಂತರ ಸುಮಾರು 18 ಕಿ.ಮೀ. ಇವೆರಡನ್ನೂ ಹಾದುಹೋಗುವ ಹೆದ್ದಾರಿಯನ್ನು ಜನ ಇಂದಿಗೂ ಬಿ.ಎಚ್. ರಸ್ತೆ ಎನ್ನುತ್ತಾರೆ. ಬೆಂಗಳೂರು–ಹೊನ್ನಾವರ ರಸ್ತೆ ಎಂಬುದರ ಮೊದಲಕ್ಷರಗಳಿವು. ಬೀರೂರಿನಿಂದ ಶಿವಮೊಗ್ಗದವರೆಗಿನ ರೈಲು ದಾರಿ 1899ರಲ್ಲಿ ತೆರೆಯಿತು. ಈ ರೈಲು ದಾರಿಯನ್ನು ನೆನಪಿನಲ್ಲಿಡಿ. ಅದಿಲ್ಲದೆ ಮುಂದಿನ ಕಥೆಯೇ ಇಲ್ಲ.

ಭದ್ರಾವತಿಯಲ್ಲಿ ಯಾರನ್ನಾದರೂ ಮನೆ ಎಲ್ಲಿ ಎಂದು ಕೇಳಿ ನೋಡಿ. ಹಳೇನಗರ, ನ್ಯೂ ಟೌನ್, ಪೇಪರ್ ಟೌನ್, ಈ ಮೂರರಲ್ಲಿ ಒಂದು ಹೆಸರು ಬಂದೇ ಬರುತ್ತದೆ. ಊರಿನ ಮೂರು ಕಾಲಗಳು ಬಡಾವಣೆಗಳ ಹೆಸರಿನಲ್ಲಿಯೇ ಉಳಿದಿವೆ.

ಹಳೇನಗರದಿಂದ ಆರಂಭಿಸೋಣ. ಕಾರ್ಖಾನೆ ಬರುವ ಮೊದಲು ಈ ಊರಿಗೆ ಬೆಂಕಿಪುರವೆಂದು ಹೆಸರು. ವಂಕಿ ಎಂಬ ಋಷಿ ಇಲ್ಲಿದ್ದನೆಂದೂ, ವಂಕಿಪುರವೇ ಬೆಂಕಿಪುರವಾಯಿತೆಂದೂ ಸ್ಥಳಪುರಾಣ ಹೇಳುತ್ತದೆ. ಪುರಾಣ ಹೇಗೂ ಇರಲಿ, ಒಂದು ತಮಾಷೆಯನ್ನು ಮಾತ್ರ ಗಮನಿಸಬೇಕು. ಬೆಂಕಿಯ ಹೆಸರನ್ನು ಹೊತ್ತು ತಣ್ಣಗಿದ್ದ ಊರಿಗೆ ನಿಜವಾದ ಬೆಂಕಿ ಬಂದಾಗ, ಅದು ಹಳೆಯ ಹೆಸರನ್ನು ಬಿಟ್ಟು ನದಿಯ ಹೆಸರನ್ನು ಇಟ್ಟುಕೊಂಡಿತು. ಹಳೇನಗರದಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊಯ್ಸಳ ಶೈಲಿಯ ಈ ಗುಡಿ ತ್ರಿಕೂಟ, ಅಂದರೆ ಒಂದೇ ನವರಂಗಕ್ಕೆ ಮೂರು ಗರ್ಭಗುಡಿಗಳು ಸೇರಿಕೊಂಡಿವೆ. ನಕ್ಷತ್ರಾಕಾರದ ಹೊರಗೋಡೆಯ ಸುತ್ತ ಎತ್ತರದ ಜಗತಿಯಿದೆ. ಅದರ ಮೇಲೆ ನಡೆಯುತ್ತ ಗೋಡೆಯ ಶಿಲ್ಪಗಳನ್ನು ಒಂದೊಂದಾಗಿ ನೋಡುತ್ತ ಸುತ್ತು ಬರಬಹುದು. ಬೇಲೂರಿನ ನೂಕುನುಗ್ಗಲು ಇಲ್ಲಿಲ್ಲ. ನೋಟ್‌ಪುಸ್ತಕ ತೆಗೆದು ನೆಮ್ಮದಿಯಾಗಿ ಚಿತ್ರ ಬರೆದುಕೊಳ್ಳಬಹುದು. ಕಾರ್ಖಾನೆಯಿಂದಲೇ ಈ ಊರು ಹುಟ್ಟಿತು ಎನ್ನುವವರಿಗೆ ಈ ಗುಡಿ ಸಾಕಷ್ಟು ಉತ್ತರ.

ಇನ್ನು ಕಬ್ಬಿಣದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಡಗುಗಳಲ್ಲಿ ಬರುತ್ತಿದ್ದ ಕಬ್ಬಿಣ, ಉಕ್ಕು ಭಾರತಕ್ಕೆ ಬರುವುದು ಕಷ್ಟವಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಕಬ್ಬಿಣದ ಅದಿರು ಇತ್ತು. ಕೆಂಪು ಮಣ್ಣಿನ ಗುಂಡಿ ಎಂಬ ಹೆಸರೇ ಅದನ್ನು ಸಾರುತ್ತದೆ. ಭಂಡಿಗುಡ್ಡದಲ್ಲಿ ಸುಣ್ಣದ ಕಲ್ಲು ಇತ್ತು. ಭದ್ರೆಯಲ್ಲಿ ನೀರು ಇತ್ತು. ಸಾಗಿಸಲು ರೈಲು ಇತ್ತು. ಇಲ್ಲದ್ದು ಒಂದೇ, ಕಲ್ಲಿದ್ದಲು. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೆ ಹತ್ತಿರದಲ್ಲಿಯೇ ಕಲ್ಲಿದ್ದಲ ಗಣಿಗಳಿದ್ದವು. ಮೈಸೂರು ಸಂಸ್ಥಾನಕ್ಕೆ ಆ ಭಾಗ್ಯವಿರಲಿಲ್ಲ. ಸಂಸ್ಥಾನದಲ್ಲಿ ಇದ್ದದ್ದು ಮಲೆನಾಡಿನ ಕಾಡು. ಕಲ್ಲಿದ್ದಲಿನ ಬದಲು ಮರದ ಇದ್ದಿಲನ್ನೇ ಉರಿಸಿ ಅದಿರು ಕರಗಿಸಿದರೆ ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಎಂಬ ತಜ್ಞ ಸಂಸ್ಥೆಯ ಸಲಹೆಯಂತೆ 1918ರಲ್ಲಿ ಕೆಲಸ ಆರಂಭವಾಯಿತು. 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿತ್ತು.

ಇದ್ದಿಲು ಎಂದೊಡನೆ ಕಾಡಿನಲ್ಲಿ ಮಣ್ಣು ಮುಚ್ಚಿ ಸುಡುವ ಗೂಡನ್ನು ಕಲ್ಪಿಸಿಕೊಳ್ಳಬೇಡಿ. ಹಾಗೆ ಸುಟ್ಟರೆ ಹೊಗೆಯಲ್ಲಿ ಬೆಲೆಬಾಳುವ ವಸ್ತುಗಳೆಲ್ಲ ಗಾಳಿಗೆ ಹೋಗುತ್ತವೆ. ಇಲ್ಲಿ ಮರವನ್ನು ಮುಚ್ಚಿದ ಕಬ್ಬಿಣದ ಪಾತ್ರೆಗಳಲ್ಲಿ ಗಾಳಿ ತಾಗದಂತೆ ಕಾಯಿಸುತ್ತಿದ್ದರು. ಒಳಗೆ ಇದ್ದಿಲು ಉಳಿಯುತ್ತಿತ್ತು. ಹೊರಬಂದ ಹೊಗೆಯನ್ನು ತಣಿಸಿದರೆ ಮರದ ಟಾರು, ಮೀಥೈಲ್ ಆಲ್ಕೋಹಾಲು, ಅಸಿಟೇಟ್ ಮೊದಲಾದವು ದೊರೆಯುತ್ತಿದ್ದವು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಮರದ ವಿನಾಶಕ ಬಟ್ಟಿ ಇಳಿಸುವಿಕೆ ಎಂದು ಓದಿರುತ್ತಾರೆ. ಆದ್ದರಿಂದಲೇ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರದ ಬಟ್ಟಿಯ ಮಾತೇ ಬರುತ್ತಿತ್ತು. ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆ. ಹೀಗಾಗಿ ಅದರಿಂದ ತೆಗೆದ ಬೀಡು ಕಬ್ಬಿಣ ಉತ್ತಮ ದರ್ಜೆಯದು. ಕುಲುಮೆಯ ಮೇಲುಬಾಯಿಂದ ಅದಿರು, ಇದ್ದಿಲು, ಸುಣ್ಣದ ಕಲ್ಲು ಇಳಿಯುತ್ತವೆ. ಕೆಳಗಿನಿಂದ ಬಿಸಿಗಾಳಿ ಊದುತ್ತಾರೆ. ಕರಗಿದ ಕಬ್ಬಿಣ ತಳಕ್ಕೆ ಇಳಿದು, ಹಗುರವಾದ ಕಿಟ್ಟ ಅದರ ಮೇಲೆ ತೇಲುತ್ತದೆ. ಆ ಕಿಟ್ಟವನ್ನೂ ಎಸೆಯಲಿಲ್ಲ. 1938ರಲ್ಲಿ ಸಿಮೆಂಟ್ ಘಟಕವೂ ಆರಂಭವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ ತಣಿಗೆಬೈಲಿನವರೆಗೆ ಆಕಾಶದಲ್ಲಿ ತೂಗುವ ತೊಟ್ಟಿಗಳಲ್ಲಿ, ರೋಪ್‌ವೇ ಮೂಲಕ ಇಳಿದು, ಅಲ್ಲಿಂದ ಪುಟ್ಟ ರೈಲಿನಲ್ಲಿ ಭದ್ರಾವತಿ ಸೇರುತ್ತಿತ್ತು.

ಇಷ್ಟು ಜಾಣ ಏರ್ಪಾಡಾದರೂ ಆರಂಭದ ವರ್ಷಗಳು ಕಷ್ಟದವೇ. ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಸಂಸ್ಥಾನದ ಹಣವನ್ನು ಬಿಳಿಯಾನೆಗೆ ಸುರಿಯುತ್ತಿದ್ದಾರೆಂಬ ಟೀಕೆ ಎದ್ದಿತು. ಆಗ, 1923ರಲ್ಲಿ, ದಿವಾನಗಿರಿಯನ್ನು ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರನ್ನೇ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಗೆ ಕರೆಯಲಾಯಿತು. ಅರವತ್ತು ದಾಟಿದ ವಯಸ್ಸಿನಲ್ಲಿ ಅವರು ಬಂದು ವೆಚ್ಚ ಇಳಿಸಿದರು, ದುಬಾರಿ ಸಂಬಳದ ವಿದೇಶಿ ತಜ್ಞರ ಜಾಗದಲ್ಲಿ ನಮ್ಮ ಎಂಜಿನಿಯರುಗಳನ್ನು ತಂದರು. ತಮಗೆ ಸಲ್ಲಬೇಕಾಗಿದ್ದ ಗೌರವಧನವನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಕೂಡಿ ಬೆಳೆದ ಆ ಹಣ ಮುಂದೆ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಯನ್ನು ಕಟ್ಟಲು ಬಳಕೆಯಾಯಿತು. ಇಂದಿಗೂ ಅಲ್ಲಿ ಡಿಪ್ಲೊಮಾ ಓದುವ ಹುಡುಗರಲ್ಲಿ ಎಷ್ಟು ಮಂದಿಗೆ ತಮ್ಮ ತರಗತಿಯ ಬುನಾದಿಯಲ್ಲಿ ಭದ್ರಾವತಿಯ ಕಬ್ಬಿಣವಿದೆಯೆಂದು ಗೊತ್ತೋ! 1927ರ ಮೈಸೂರು ಪ್ರವಾಸದಲ್ಲಿ ಗಾಂಧೀಜಿಯವರೂ ಭದ್ರಾವತಿಗೆ ಬಂದಿದ್ದರು. ಯಂತ್ರಗಳ ಬಗ್ಗೆ ಅನುಮಾನವಿದ್ದವರು ಯಂತ್ರಗಳನ್ನೇ ನಂಬಿದವರ ಕೆಲಸವನ್ನು ನೋಡಲು ಬಂದ ಆ ಭೇಟಿ ಚರಿತ್ರೆಯ ವಿದ್ಯಾರ್ಥಿಗೆ ಒಳ್ಳೆಯ ಚರ್ಚಾ ವಿಷಯ.

ಈ ಯಶಸ್ಸಿಗೆ ಒಂದು ಬೆಲೆಯಿತ್ತು. ಇದ್ದಿಲು ಎಲ್ಲಿಂದ ಬಂತು? ಸುತ್ತಲಿನ ಕಾಡಿನಿಂದ. ಕಾಡು ಕಡಿದಷ್ಟೂ ಮತ್ತೆ ಬೆಳೆಯುತ್ತದೆಂಬ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಕಂಡಿತು. ಆದರೆ ಮಲೆನಾಡಿನ ಹಳೆಯ ಮಿಶ್ರ ಕಾಡು ಒಮ್ಮೆ ಹೋದ ಮೇಲೆ ಅದೇ ಕಾಡಾಗಿ ಹಿಂತಿರುಗುವುದಿಲ್ಲ. ಜೋಗದ ವಿದ್ಯುತ್ತು ಬಂದ ಮೇಲೆ, 1950ರ ದಶಕದಲ್ಲಿ, ಅದಿರು ಕರಗಿಸಲು ವಿದ್ಯುತ್ ಕುಲುಮೆಗಳು ಬಂದವು. ಇದ್ದಿಲಿನ ಹಸಿವು ಕ್ರಮೇಣ ಇಳಿಯಿತು. ನನ್ನ ದೃಷ್ಟಿಯಲ್ಲಿ ಈ ಕಾರ್ಖಾನೆಯ ಚರಿತ್ರೆಯಲ್ಲಿ ಉಕ್ಕು ತಯಾರಿಸಲು ಆರಂಭಿಸಿದ 1936ನೆಯ ಇಸವಿಗಿಂತ ಈ ಬದಲಾವಣೆಯೇ ದೊಡ್ಡದು. ಪಠ್ಯಪುಸ್ತಕಗಳು ಮೊದಲನೆಯದನ್ನೇ ಹೇಳುತ್ತವೆ.

ಕಾರ್ಖಾನೆಯ ಜೊತೆಗೆ ನ್ಯೂ ಟೌನ್ ಬಂತು. ಸಾಲು ಸಾಲು ವಸತಿಗೃಹಗಳು, ಮರಗಳ ನೆರಳಿನ ರಸ್ತೆಗಳು, ಆಸ್ಪತ್ರೆ, ಶಾಲೆ, ಆಟದ ಮೈದಾನ. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲೆಯಾಳಿಗಳು, ಉತ್ತರ ಕರ್ನಾಟಕದವರು ಬಂದು ನೆಲೆಸಿದರು. ಮಲೆನಾಡಿನ ಅಂಚಿನ ಒಂದು ಸಣ್ಣ ಊರು ಒಂದೇ ತಲೆಮಾರಿನಲ್ಲಿ ನಾಲ್ಕಾರು ಭಾಷೆಗಳ ಊರಾಯಿತು. ಕ್ರಿಕೆಟ್ ಆಟಗಾರ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಚಿತ್ರನಟ ದೊಡ್ಡಣ್ಣನವರು ಬಣ್ಣ ಹಚ್ಚುವ ಮೊದಲು ಈ ಕಾರ್ಖಾನೆಯಲ್ಲಿ ದುಡಿದವರು. ಆಕಾಶವಾಣಿಯ ಭದ್ರಾವತಿ ಕೇಂದ್ರ 1965ರಲ್ಲಿ ಆರಂಭವಾಯಿತು. ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕೆ ಸಿಗದ ಬಾನುಲಿ ಭದ್ರಾವತಿಗೆ ಸಿಕ್ಕಿತೆಂದರೆ ಆ ಕಾಲದಲ್ಲಿ ಈ ಊರಿನ ತೂಕ ಎಷ್ಟಿತ್ತೆಂದು ಊಹಿಸಿಕೊಳ್ಳಿ.

ಮೂರನೆಯದು ಪೇಪರ್ ಟೌನ್. ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪಿತವಾಯಿತು. ಬಿದಿರು, ಮರ, ಮುಂದೆ ಕಬ್ಬಿನ ಸಿಪ್ಪೆ ಇದರ ಕಚ್ಚಾವಸ್ತುಗಳು. 1980ರ ದಶಕದಲ್ಲಿ ಇಲ್ಲಿ ಪತ್ರಿಕಾ ಕಾಗದ ತಯಾರಾಗತೊಡಗಿತು. ನಿಮ್ಮ ಅಜ್ಜ ಬೆಳಿಗ್ಗೆ ಬಿಡಿಸುತ್ತಿದ್ದ ದಿನಪತ್ರಿಕೆ ಭದ್ರಾವತಿಯ ಬಿದಿರೇ ಆಗಿದ್ದಿರಬಹುದು. ಇದಕ್ಕಾಗಿ ಮಲೆನಾಡಿನ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿಯನ್ನು ಗುತ್ತಿಗೆಗೆ ಕೊಟ್ಟು ಅಕೇಶಿಯಾ, ನೀಲಗಿರಿ ನೆಡಲಾಯಿತು. 2020ರಲ್ಲಿ ಆ ಗುತ್ತಿಗೆಯ ಅವಧಿ ಮುಗಿದಾಗ, ಭೂಮಿಯನ್ನು ಸಹಜ ಕಾಡಾಗಲು ಬಿಡಿ ಎಂದು ಮಲೆನಾಡಿಗರು ಹೋರಾಟಕ್ಕಿಳಿದರು. ಭದ್ರೆಯ ನೀರು ಕೆಡುತ್ತಿದೆ ಎಂಬ ದೂರಂತೂ ದಶಕಗಳಿಂದ ಇದ್ದದ್ದೇ.

ಕುಸಿತ ನಿಧಾನವಾಗಿ ಬಂತು. ಕಬ್ಬಿಣದ ಕಾರ್ಖಾನೆ 1962ರಲ್ಲಿ ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ಕಂಪನಿಯಾಯಿತು, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ, ಅಂದರೆ ಸೈಲ್‌ನ ಕೈಸೇರಿತು. ಜನರ ಬಾಯಲ್ಲಿ ಅದು ವಿ.ಐ.ಎಸ್.ಎಲ್. ಭಿಲಾಯಿ, ಬೊಕಾರೊಗಳ ಪಕ್ಕದಲ್ಲಿ ಇದು ಪುಟ್ಟದು, ಹಳೆಯದು. ಸ್ವಂತ ಗಣಿಯಿಂದ ಅದಿರು ಬರುವುದೂ ನಿಂತುಹೋಗಿತ್ತು. ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಸೈಲ್ ಆಡಳಿತ ಮಂಡಳಿ ವಿ.ಐ.ಎಸ್.ಎಲ್. ಅನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಬಾಗಿಲ ಬಳಿ ತಿಂಗಳುಗಟ್ಟಲೆ ಧರಣಿ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಕೆಲವು ವಿಭಾಗಗಳು ಮತ್ತೆ ತಿರುಗಿದವು. ಆದರೆ ಅದು ಅದಿರು ಕರಗಿಸುವ ಕೆಲಸವಲ್ಲ, ಬೇರೆಡೆಯಿಂದ ತರಿಸಿದ ಉಕ್ಕಿನ ದಿಮ್ಮಿಗಳನ್ನು ಸಲಾಕೆಗಳಾಗಿ ಉರುಳಿಸುವ ಕೆಲಸ. ಒಂದೇ ಕಾರ್ಖಾನೆಯನ್ನು ನಂಬಿದ ಊರಿನಲ್ಲಿ ಪಾಳಿ ನಿಂತರೆ ಚಹಾದಂಗಡಿ, ಸೈಕಲ್ ರಿಪೇರಿ, ಹೊಲಿಗೆಯವನು, ತರಕಾರಿ ಮಾರುವವಳು ಎಲ್ಲರ ದಿನವೂ ನಿಲ್ಲುತ್ತದೆ. ನ್ಯೂ ಟೌನಿನಲ್ಲಿ ಬಾಗಿಲು ಮುಚ್ಚಿದ ಮನೆಗಳನ್ನು ನೋಡುವಾಗ ಅದನ್ನು ವಿಹಾರದ ನೋಟವಾಗಿ ನೋಡಬಾರದು. ಪಕ್ಕದ ಮನೆಯಲ್ಲಿ ಇನ್ನೂ ಜನರಿದ್ದಾರೆ. ನಿವೃತ್ತ ಕಾರ್ಮಿಕರು ಸಿಕ್ಕರೆ ಕುಳಿತು ಮಾತನಾಡಿಸಿ. ಊದುಕುಲುಮೆಯ ಬಗ್ಗೆ ನಾನು ಮೇಲೆ ಬರೆದುದಕ್ಕಿಂತ ಚೆನ್ನಾಗಿ ಅವರು ಹೇಳಬಲ್ಲರು.

ಹಾಗಾದರೆ ಎಪ್ಪತ್ತು ಎಂಬತ್ತು ವರ್ಷ ಇಲ್ಲಿ ಕಲಿತ ವಿದ್ಯೆ ಎಲ್ಲಿ ಹೋಯಿತು? ಬಿ.ಎಚ್. ರಸ್ತೆ ಹಿಡಿದು ಶಿವಮೊಗ್ಗದ ಕಡೆಗೆ ಹೊರಡಿ. ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಇಲ್ಲೂ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯಲ್ಲೂ ಎರಕದ ಕಾರ್ಖಾನೆಗಳಿವೆ. ಹತ್ತಿರದಲ್ಲಿ ಬೀಡು ಕಬ್ಬಿಣ, ಅಚ್ಚು ಕಟ್ಟಿ ಎರಕ ಹೊಯ್ಯಲು ಬಲ್ಲ ಕೈಗಳು, ಈ ಎರಡೂ ಇದ್ದ ಸೀಮೆಯಲ್ಲಿ ಅವು ಬೆಳೆದದ್ದು ಆಕಸ್ಮಿಕವಲ್ಲ. ಲಾರಿ, ಟ್ರ್ಯಾಕ್ಟರು, ಕಾರುಗಳ ಎಂಜಿನ್ನಿಗೆ ಬೇಕಾದ ಭಾಗಗಳು ಇಲ್ಲಿ ತಯಾರಾಗಿ ದೂರದೂರಕ್ಕೆ ಹೋಗುತ್ತವೆ. ದೊಡ್ಡ ಕುಲುಮೆ ಸಣ್ಣ ಸಣ್ಣ ಕುಲುಮೆಗಳಾಗಿ ಹದಿನೆಂಟು ಕಿಲೋಮೀಟರಿನುದ್ದಕ್ಕೂ ಹರಡಿಕೊಂಡಿತು ಎನ್ನಬಹುದು. ಆದರೆ ನ್ಯೂ ಟೌನಿನ ಕಾರ್ಮಿಕನಿಗೆ ಸಿಕ್ಕಿದ್ದ ಮನೆ, ಆಸ್ಪತ್ರೆ, ಪಿಂಚಣಿಗಳು ಹಾಗೆ ಹರಡಿಲ್ಲ. ಇದೇ ಮಾಚೇನಹಳ್ಳಿಯಲ್ಲಿ ಸಿದ್ಧ ಉಡುಪಿನ ಕೆಲಸವೂ ಬಂದಿದೆ. ಪಾಳಿ ಬಿಡುವ ಹೊತ್ತಿಗೆ ಬಸ್ಸು ಹತ್ತುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕಬ್ಬಿಣದ ಕಾಲದಲ್ಲಿ ಇದು ಕಾಣಸಿಗದ ನೋಟ. ಸನಿಹದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ 2023ರಲ್ಲಿ ತೆರೆಯಿತು.

ಶಿವಮೊಗ್ಗದ ಹಳೆಯ ಸಂಪತ್ತು ಕಬ್ಬಿಣವಲ್ಲ, ಅಡಿಕೆ. 1939ರಲ್ಲಿ ಆರಂಭವಾದ ಮ್ಯಾಮ್‌ಕೋಸ್, ಅಂದರೆ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಇಂದಿಗೂ ಬೆಳೆಗಾರರ ಬೆನ್ನಿಗಿದೆ. ಅಡಿಕೆ ಮಂಡಿಯಲ್ಲಿ ಮೂಟೆಗಳ ಸಾಲು, ರಾಶಿ, ಬೆಟ್ಟೆ, ಸರಕು ಎಂಬ ದರ್ಜೆಗಳು, ಒಂದೊಂದಕ್ಕೂ ಬೇರೆ ಬೆಲೆ: ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅರ್ಧ ದಿನ ಸಾಲದು. ತುಂಗೆಯ ಬಳಿಯ ಶಿವಪ್ಪ ನಾಯಕನ ಅರಮನೆಯನ್ನು ತಪ್ಪದೆ ನೋಡಿ. ಶಿಸ್ತು ಎಂಬ ಕಂದಾಯ ಪದ್ಧತಿಗೆ ಹೆಸರಾದ ಈ ಕೆಳದಿಯ ಅರಸ ಆಳಿದ್ದು 1645ರಿಂದ 1660ರವರೆಗೆ. ಆದರೆ ಈಗ ನಿಂತಿರುವ ಮರದ ಕಂಬಗಳ ಕಟ್ಟಡ ಹೈದರ್ ಅಲಿಯ ಕಾಲದ್ದು, ಅಂದರೆ ಹದಿನೆಂಟನೆಯ ಶತಮಾನದ್ದು ಎಂಬುದು ವಿದ್ವಾಂಸರ ಅಭಿಪ್ರಾಯ. ಹೆಸರು ಒಬ್ಬನದು, ಕಟ್ಟಡ ಇನ್ನೊಬ್ಬನದು! ಅದೀಗ ಸರ್ಕಾರಿ ವಸ್ತುಸಂಗ್ರಹಾಲಯ; ವೀರಗಲ್ಲುಗಳು, ಮೂರ್ತಿಗಳು, ಶಾಸನಗಳು ಅಂಗಳದಲ್ಲಿಯೇ ಇವೆ.

ಇನ್ನು ಊಟದ ವಿಷಯ. ನಡೆದು ದಣಿದವರು ಕೇಳುವ ಮೊದಲ ಪ್ರಶ್ನೆಯೇ ಅದು. ಸಂಜೆಯಾದರೆ ಎರಡೂ ಊರುಗಳ ಬೀದಿಬದಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಯಾರು. ಈರುಳ್ಳಿ, ಖಾರದ ಪುಡಿ ಬೆರೆಸಿದ ಮಂಡಕ್ಕಿ ಪಾಳಿ ಮುಗಿಸಿ ಬಂದವನ ಜೇಬಿಗೂ ಕಾಲೇಜು ಹುಡುಗರ ಜೇಬಿಗೂ ಹೊಂದುವ ತಿಂಡಿ. ಮನೆಯೂಟದ ಭಾಗ್ಯ ಸಿಕ್ಕರೆ ಅಕ್ಕಿ ರೊಟ್ಟಿ, ಕಡುಬು, ಕೆಸುವಿನ ಎಲೆಯ ಪತ್ರೊಡೆ, ಅಪ್ಪೆಮಿಡಿ ಉಪ್ಪಿನಕಾಯಿ. ಮಳೆಗಾಲವಾದರೆ ಕಳಲೆ ಪಲ್ಯವನ್ನು ಕೇಳಿ ಹಾಕಿಸಿಕೊಳ್ಳಿ. ಕಳಲೆ ಎಂದರೆ ಬಿದಿರಿನ ಎಳೆಯ ಮೊಳಕೆ. ಹೆಚ್ಚಿ, ನೀರು ಬದಲಾಯಿಸುತ್ತ ನೆನೆಸಿಟ್ಟು, ಒಗರು ತೆಗೆದು ಬೇಯಿಸುತ್ತಾರೆ. ಎಳೆಯದರಲ್ಲಿ ಕಿತ್ತರೆ ಪಲ್ಯ, ಬಲಿಯಲು ಬಿಟ್ಟರೆ ಕಾಗದ. ಪೇಪರ್ ಟೌನಿನ ಚರಿತ್ರೆಯನ್ನು ಹೀಗೂ ಸವಿಯಬಹುದು.

ಸಮಯವಿದ್ದವರು ಬೆಳಿಗ್ಗೆ ಬೇಗನೆ ಎದ್ದು ಸಕ್ರೆಬೈಲಿಗೆ ಹೋಗಿ ಆನೆಗಳ ಸ್ನಾನ ನೋಡಬಹುದು. ಕಾಡಿನಿಂದ ಮರ ಎಳೆಯಲು ಆನೆಗಳನ್ನು ಪಳಗಿಸುತ್ತಿದ್ದ ಕಾಲದ ನೆನಪು ಆ ಬಿಡಾರದಲ್ಲಿದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ರೀವಗಳು, ಅಂದರೆ ನದಿಯ ಟರ್ನ್ ಹಕ್ಕಿಗಳು, ಗೂಡು ಮಾಡುತ್ತವೆ. ಸುತ್ತಲಿನ ಕಾಡು 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ದಾರಿಯಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಸಿಗುತ್ತದೆ.

ಕೊನೆಯ ದಿನವನ್ನು ಕೂಡ್ಲಿಗೆ ಇಟ್ಟುಕೊಳ್ಳಿ. ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ಅಡಿಕೆಯ ಊರನ್ನು ದಾಟಿ ಬಂದ ತುಂಗೆಯೂ ಕಬ್ಬಿಣದ ಊರನ್ನು ದಾಟಿ ಬಂದ ಭದ್ರೆಯೂ ಇಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಹೊಯ್ಸಳರ ಕಾಲದ ರಾಮೇಶ್ವರ ಗುಡಿಯ ಬಳಿ, ಸಂಗಮದ ಮೆಟ್ಟಿಲ ಮೇಲೆ ನಿಂತರೆ ಎರಡೂ ಹರಿವುಗಳು ಕಾಣುತ್ತವೆ. ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ, ಸೆಳೆತ ಜೋರಾಗಿರುತ್ತದೆ. ಬೇಸಿಗೆಯಲ್ಲಿ ಹೋದರೆ ಎರಡು ನೀರುಗಳ ಬಣ್ಣ, ತಿಳಿತನಗಳನ್ನು ಹೋಲಿಸಿ ಬರೆದುಕೊಳ್ಳಿ.